ತಬರನ ಕಾಗದ ಓದೋರು ಯಾರು?

(ಮಳವಳ್ಳಿಯ ಹಾಸ್ಟೆಲೊಂದರಲ್ಲಿ ‘ತಬರನ ಕಥೆ’ ಚಿತ್ರ ತೋರಿಸಿದ ಮೇಲೆ ಆಡಿದ ಮಾತು)



ಸಿನಿಮಾ ಮುಗಿದು ಲೈಟು ಹಾಕಿದರೂ ಯಾರೂ ಮೇಲೇಳಲಿಲ್ಲ. ಶಿಳ್ಳೆ ಹೊಡೆಯೋರೂ ಸುಮ್ಮನೆ ಕೂತಿದ್ರಿ. ಅದಕ್ಕೇ ನಾನು ಹೆಚ್ಚು ಮಾತಾಡೋದಿಲ್ಲ.

ಈ ಕತೆ ಬರೆದವರು ಪೂರ್ಣಚಂದ್ರ ತೇಜಸ್ವಿ. ಸಿನಿಮಾ ಮಾಡಿದವರು ಗಿರೀಶ್ ಕಾಸರವಳ್ಳಿ. 1986ನೇ ಸಾಲಿನ ಅತ್ಯುತ್ತಮ ಚಿತ್ರವೆಂದು ಇದಕ್ಕೆ ಸ್ವರ್ಣಕಮಲ ಬಂತು. ತಬರನಾದ ಚಾರುಹಾಸನ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಇದೆಲ್ಲ ಪೇಪರಿನ ಮಾತು. ನಮಗೆ ಬೇಕಾದ್ದು ಬೇರೆ ಇದೆ.

ತಬರ ಬ್ರಿಟಿಷರ ಕಾಲದಿಂದ ಸರ್ಕಾರವನ್ನು ನಂಬಿ ಚಾಕರಿ ಮಾಡಿದವನು. ಕಾಫಿ ಬೆಳೆಗಾರರು ಕಟ್ಟದ ತೆರಿಗೆಯ ಲೆಕ್ಕ ಅವನ ತಲೆಗೆ ಬಂತು. ಪಿಂಚಣಿ ನಿಂತಿತು. ಸಕ್ಕರೆ ಕಾಯಿಲೆಯ ಹೆಂಡತಿ ಅಪ್ಪಿಯ ಕಾಲು ಕೊಳೆಯತೊಡಗಿತು. ದುಡ್ಡಿಲ್ಲದ ಗಂಡ ಕೊನೆಗೆ ಕಟುಕನ ಹತ್ತಿರ ಹೋಗಿ, ಅವಳ ಕಾಲು ಕತ್ತರಿಸಿಕೊಡು ಅಂತ ಬೇಡಿಕೊಳ್ಳುತ್ತಾನೆ.

ಗಮನಿಸಿದಿರಾ? ಕತ್ತಿ ಹಿಡಿದ ಖಳನಾಯಕ ಇದರಲ್ಲಿಲ್ಲ. ಒಬ್ಬ ನಾಳೆ ಬಾ ಅಂತಾನೆ. ಇನ್ನೊಬ್ಬ ಆ ಟೇಬಲ್ಲಿಗೆ ಹೋಗು ಅಂತಾನೆ. ಅಷ್ಟೇ. ಫೈಲು ಉಳೀತು, ಅಪ್ಪಿ ಸತ್ತಳು.

ಸಿನಿಮಾ ನೋಡ್ತಾ ನನಗೆ ನಮ್ಮ ಕೇರಿಯ ನೀರುಗಂಟಿ ತಾತ ನೆನಪಾದ. ಊರವರ ಗದ್ದೆಗೆಲ್ಲ ನಾಲೆ ನೀರು ತಿರುಗಿಸಿದವನಿಗೆ ಒಂದು ಗುಂಟೆ ಗದ್ದೆ ಇರಲಿಲ್ಲ. ವಯಸ್ಸಾದ ಮೇಲೆ ಅರ್ಜಿ ಹಾಕಿ, ಬಸ್ ಚಾರ್ಜಿಗೆ ಸಾಲ ಮಾಡಿ ಆಫೀಸಿಗೆ ಅಲೀತಿದ್ದ. ನಾನಾಗ ಪಿಯುಸಿ. ‘ಇದ್ರಲ್ಲಿ ಏನ್ ಬರದವ್ರೆ, ಓದ್ಲಾ ಮಗ’ ಅಂತ ಒಂದು ಕಾಗದ ಚಾಚಿದ. ಪರೀಕ್ಷೆ ಇದೆ ತಾತ ಅಂದು ಹೊರಟುಬಿಟ್ಟೆ. ಅವನು ಸತ್ತ ಮೇಲೆ ಓದಿದೆ. ವಯಸ್ಸಿನ ದಾಖಲೆ ತರಬೇಕು ಅಂತ ಒಂದೇ ಸಾಲು ಇತ್ತು. ಆಫೀಸಿನವರು ಓದಿ ಹೇಳಿರಲಿಲ್ಲ. ನಾನೂ ಹೇಳಲಿಲ್ಲ.

ಆದ್ದರಿಂದ ತಬರನಿಗಾಗಿ ಅತ್ತು ಮಲಗಬೇಡಿ. ಭಾನುವಾರ ಊರಿಗೆ ಹೋದಾಗ ನಿಮ್ಮ ಕೇರಿಯ ಮುದುಕರ ಪೆಟ್ಟಿಗೇಲಿರೋ ಕಾಗದ ಓದಿ. ಅವರೊಬ್ಬರನ್ನೇ ಆಫೀಸಿಗೆ ಕಳಿಸಬೇಡಿ, ಜೊತೆಗೆ ಹೋಗಿ.

ಇನ್ನೊಂದು ಮಾತು. ನಾಳೆ ನಿಮ್ಮಲ್ಲೇ ಕೆಲವರು ಆ ಕುರ್ಚೀಲಿ ಕೂರ್ತೀರಿ. ಬಾಬಾಸಾಹೇಬರ ಹೋರಾಟದಿಂದ ನಮಗೆ ಸಿಕ್ಕ ಕುರ್ಚಿ ಅದು. ಅಲ್ಲಿ ಕೂತು ನಾವೂ ನಾಳೆ ಬಾ ಅಂದರೆ, ತಬರನ ಹೆಂಡತಿಯನ್ನು ಇನ್ನೊಂದು ಸಲ ಕೊಂದಂತೆ. ಎದುರಿಗೆ ಬಂದು ನಿಂತವನಿಗೆ ಮೊದಲು ಕೂತ್ಕೊಳ್ಳಿ ಅನ್ನಿ. ಆಮೇಲೆ ಕಾಗದ ಇಸ್ಕೊಂಡು ಪೂರ್ತಿ ಓದಿ.