ಮನೆಯಂಗಳಕ್ಕೆ ಹೂವಿನ ಮರವನ್ನು ಆರಿಸುವ ವಿಚಾರ
(ರೈತರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಶೀತದೇಶಗಳಲ್ಲಿ ಮನೆಯ ಮುಂದೆ ಅಲಂಕಾರಕ್ಕಾಗಿ ಕಾಡುಸೇಬಿನ ಮರವನ್ನು ನೆಡುವ ವಾಡಿಕೆಯುಂಟು. ವಸಂತದಲ್ಲಿ ಅದು ಮೈತುಂಬ ಬಿಳಿ ಅಥವಾ ನಸುಗೆಂಪು ಹೂ ಬಿಡುವುದು; ಆಮೇಲೆ ಗೋಲಿಯಷ್ಟು ಸಣ್ಣ ಕಾಯಿ ಕಚ್ಚುವುದು. ಆದರೆ ಅದರ ಮೊಗ್ಗು ಚೆನ್ನಾಗಿ ಒಡೆಯಬೇಕಾದರೆ ಮುಂಚಿತವಾಗಿ ಹಲವು ವಾರಗಳ ಕೊರೆಯುವ ಚಳಿ ಅವಶ್ಯಕ. ಮೈಸೂರು ಸೀಮೆಯ ಬಯಲುನಾಡಿನಲ್ಲಿ ಅಂಥ ಚಳಿಯಿಲ್ಲ. ಚಿತ್ರದಲ್ಲಿ ಕಂಡು ಆಸೆಪಟ್ಟು ತರಿಸಿದರೆ ಹಣದೊಡನೆ ಕೆಲವು ವರ್ಷಗಳೂ ವ್ಯರ್ಥವಾಗುವುವು. ಆದರೂ ಆ ಮರವನ್ನು ಆರಿಸುವಾಗ ಅಲ್ಲಿನ ಅನುಭವಸ್ಥರು ಕೇಳುವ ಪ್ರಶ್ನೆಗಳು ಇಲ್ಲಿಗೂ ಸಲ್ಲುತ್ತವೆ. ಬೆಳೆದ ಮೇಲೆ ಮರ ಎಷ್ಟು ಅಗಲ ಹರಡೀತು? ರೋಗ ತಾಗೀತೇ? ಉದುರುವ ಕಾಯಿ ಯಾರ ಕಾಲಡಿಗೆ ಬಿದ್ದೀತು? ಹೂವಿನ ಬಣ್ಣವನ್ನು ಅವರು ವಿಚಾರಿಸುವುದು ಇಷ್ಟಾದ ಮೇಲೆ.

ಈ ಕ್ರಮವನ್ನು ಬಿಟ್ಟುದರಿಂದಾಗುವ ನಷ್ಟಕ್ಕೆ ಗುಲ್‌ಮೊಹರ್ ಮರವೇ ಸಾಕ್ಷಿ. ಮಡಗಾಸ್ಕರ್ ದ್ವೀಪದಿಂದ ಬಂದ ಈ ಮರ ಏಪ್ರಿಲ್, ಮೇ ತಿಂಗಳುಗಳಲ್ಲಿ ಉರಿಯುವ ಕೆಂಡದಂತೆ ಕಾಣುವುದು ಸರಿಯಷ್ಟೆ. ಬೆಂಗಳೂರಿನ ರಸ್ತೆಗಳಲ್ಲಿ ಅದನ್ನು ಕಂಡವರು ಊರಿಗೆ ಮರಳಿ ತಲೆಬಾಗಿಲಿನ ಪಕ್ಕದಲ್ಲಿಯೇ ನೆಡುತ್ತಾರೆ. ರಸ್ತೆಗೆ ಒಪ್ಪುವುದೆಲ್ಲ ಅಂಗಳಕ್ಕೆ ಒಪ್ಪದು. ಅದರ ಬೇರುಗಳು ಮೇಲುಮಣ್ಣಿನಲ್ಲಿಯೇ ದೂರ ಹರಿದು ಜಗುಲಿಯ ಕಲ್ಲನ್ನು ಎಬ್ಬಿಸುವುವು. ಕೆಳಗೆ ಹುಲ್ಲು ಸಹ ಸರಿಯಾಗಿ ಬೆಳೆಯದು. ಮರ ಮೆದು, ಕೊಂಬೆ ಉದ್ದ. ಮುಂಗಾರಿಗೆ ಮೊದಲು ಬೀಸುವ ಬಿರುಗಾಳಿಗೆ ಮುರಿದು ಬಿದ್ದರೆ ಹೆಂಚುಗಳ ಗತಿಯನ್ನು ಹೇಳಬೇಕಾಗಿಲ್ಲ. ಹೊಲದ ಬದುವಿನಾಚೆ, ಬಂಡಿಯ ದಾರಿಯ ಅಂಚಿನಲ್ಲಿ ನೆಟ್ಟುಕೊಳ್ಳಲು ಅಡ್ಡಿಯಿಲ್ಲ.

ಒಣಸೀಮೆಯ ಕಲ್ಲುನೆಲಕ್ಕೆ ಕಕ್ಕೆಯನ್ನು ಮೀರಿದ ಹೂಮರ ಸಿಕ್ಕುವುದು ಕಷ್ಟ. ಇದು ಈ ದೇಶದ್ದೇ ಆದ ಮರ. ಬೇಸಗೆಯಲ್ಲಿ ಎಲೆಯುದುರಿಸಿ, ಹಳದಿಯ ಗೊಂಚಲುಗಳನ್ನು ಇಳಿಬಿಟ್ಟು ನಿಲ್ಲುವುದು. ದನಕರುಗಳು ಸಾಮಾನ್ಯವಾಗಿ ಇದರ ಸೊಪ್ಪಿಗೆ ಬಾಯಿಡುವುದಿಲ್ಲ. ಬೇಲಿ ಸರಿಯಿಲ್ಲದ ಊರುಗಳಲ್ಲಿ ಇದು ಅಲ್ಪ ಗುಣವಲ್ಲ. ಕಾಯಿಯ ತಿರುಳು ಭೇದಿಗೆ ಕೊಡುವ ಮದ್ದಾದುದರಿಂದ ಮಕ್ಕಳು ಆಟದಲ್ಲಿ ತಿನ್ನದಂತೆ ನೋಡಿಕೊಳ್ಳತಕ್ಕದ್ದು. ಬೀಜದ ಸಿಪ್ಪೆ ಬಲು ಗಟ್ಟಿ; ಕುದಿಯುವ ನೀರಿನಲ್ಲಿ ಐದು ನಿಮಿಷವಿಟ್ಟು ಬಿತ್ತಿದರೆ ಚೆನ್ನಾಗಿ ಮೊಳೆಯುವುದು. ಮೊದಲ ಎರಡು ಮೂರು ವರ್ಷ ಬೆಳವಣಿಗೆ ನಿಧಾನ, ಬೇಸರಪಟ್ಟು ಕೀಳಬಾರದು.

ಸಂಪಿಗೆಯನ್ನು ಬಯಸದವರಾರು? ಆದರೆ ಅದು ಆಳವಾದ, ತಂಪಾದ ಮಣ್ಣಿನ ಮರ. ನೀರು ನಿಲ್ಲುವ ತಗ್ಗಿನಲ್ಲಿ ಬದುಕದು. ಮಲೆನಾಡಿನ ಕಾಡಿನಲ್ಲಿ ಅದು ಎಷ್ಟು ಎತ್ತರ ಹೋಗುವುದೆಂಬುದನ್ನು ನೋಡಿದವರು ಸೂರಿನ ಕೆಳಗೆ ನೆಡಲಾರರು. ಗೋಡೆಯಿಂದ 30 ಅಡಿಯಾದರೂ ದೂರವಿರಲಿ. ಬೀಜದ ಸಸಿ ಹೂ ಬಿಡಲು ಎಂಟು ಹತ್ತು ವರ್ಷ ಹಿಡಿಯಬಹುದು. ಕಸಿಯ ಗಿಡ ಬೇಗ ಹೂ ಕೊಡುವುದು. ಬೀಜವನ್ನೇ ಹಾಕುವವರು ಕೆಂಪು ತಿರುಳನ್ನು ತೊಳೆದು ಹಸಿಯಾಗಿರುವಾಗಲೇ ಬಿತ್ತಬೇಕು, ಒಣಗಿಸಿಟ್ಟರೆ ಕೆಟ್ಟುಹೋಗುವುದು.

ಅಂಗಳ ಚಿಕ್ಕದಾದವರಿಗೆ ಪಾರಿಜಾತ. ಕಾಡುಸೇಬಿನಂತೆಯೇ ಇದೂ 15ರಿಂದ 25 ಅಡಿಯೊಳಗಿನ ಮರ. ಬಡಮಣ್ಣಿನಲ್ಲಿಯೂ ಬರುವುದು, ಕಡಿದರೆ ಮತ್ತೆ ಚಿಗುರುವುದು. ಮಳೆಗಾಲದ ಕೊನೆಯಲ್ಲಿ ರಾತ್ರಿ ಅರಳಿ ಬೆಳಗಿಗೆ ಉದುರುವ ಹೂವನ್ನು ಮನೆಯ ಹೆಂಗಸರು ನೆಲದಿಂದಲೇ ಆರಿಸಿಕೊಳ್ಳಬಹುದು. ಗೋಡೆಗೆ 10 ಅಡಿ ದೂರ ಸಾಕು. ವರ್ಷವಿಡೀ ನೆರಳು ಬೇಕೆನ್ನುವವರು ಬಕುಳವನ್ನು ಪಡುವಣ ಮಗ್ಗುಲಿಗೆ ನೆಡಲಿ. ಸಂಜೆಯ ಬಿಸಿಲು ತಪ್ಪುವುದು. ಅದು ತೀರ ನಿಧಾನವಾಗಿ ಬೆಳೆಯುವ ಮರವಾದರೂ ಮೊಮ್ಮಕ್ಕಳ ಕಾಲಕ್ಕೂ ಗಟ್ಟಿಯಾಗಿ ನಿಲ್ಲುವುದು.

ಕಣಗಿಲೆಯ ವಿಷಯದಲ್ಲಿ ಮಾತ್ರ ಯಾರೂ ಉದಾಸೀನರಾಗಕೂಡದು. ಕೆಂಪು, ಬಿಳಿ, ಹಳದಿ ಯಾವುದೇ ಆಗಲಿ, ಎಲೆ, ತೊಗಟೆ, ಬೀಜ ಎಲ್ಲವೂ ವಿಷ. ಹೃದಯದ ಬಡಿತವನ್ನೇ ಕೆಡಿಸುವುದು. ಹಸಿಯೆಲೆಯ ಕಹಿಗೆ ದನಗಳು ಹಿಂಜರಿಯಬಹುದು. ಕತ್ತರಿಸಿ ಎಸೆದ ರೆಂಬೆ ಬಾಡಿ, ಒಣಮೇವಿನೊಡನೆ ಬೆರೆತಾಗ ತಿಂದುಬಿಡುವುವು. ಒಣಗಿದರೂ ವಿಷ ಹೋಗುವುದಿಲ್ಲ. ಕೊಟ್ಟಿಗೆ, ಬಣವೆ, ನೀರು ಕುಡಿಸುವ ತೊಟ್ಟಿ ಇವುಗಳ ಬಳಿ ಈಗಾಗಲೇ ಕಣಗಿಲೆಯಿದ್ದರೆ ಬೇರುಸಹಿತ ಕಿತ್ತು ಹೂಳತಕ್ಕದ್ದು. ಒಂದು ಜೊತೆ ಎತ್ತಿನ ಬೆಲೆಯ ಮುಂದೆ ನಾಲ್ಕು ಹೂ ಯಾವ ಲೆಕ್ಕ? ಹಳದಿ ಕಣಗಿಲೆಯ ಕಾಯಿಯನ್ನು ಮಕ್ಕಳು ಆಟಕ್ಕೆ ಎತ್ತಿಕೊಳ್ಳುವುದೂ ಉಂಟು.

ಸ್ಥಳದ ಬಗ್ಗೆ ಎರಡು ಮಾತು. ಕಣದ ಮಗ್ಗುಲಲ್ಲಿ ಯಾವ ಮರವೂ ಬೇಡ. ನೆರಳಿನಲ್ಲಿ ತೆನೆ ಒಣಗದು. ಬಾವಿಯ ಕಟ್ಟೆಯ ಸಂದಿನಲ್ಲಿ ತಾನಾಗಿ ಹುಟ್ಟಿದ ಅರಳಿ, ಅತ್ತಿಯ ಸಸಿಗಳನ್ನು ಎಳೆಯದರಲ್ಲಿಯೇ ತೆಗೆದುಹಾಕಬೇಕು.

ಬೇಸಗೆಯಲ್ಲಿಯೇ ಮೂರಡಿ ಉದ್ದ, ಅಗಲ, ಆಳದ ಗುಂಡಿ ತೋಡಿ ಬಿಸಿಲಿಗೆ ಬಿಡಲಿ. ಮೃಗಶಿರ, ಆರಿದ್ರ ಮಳೆಗಳು ಹಿಡಿದಾಗ ಮೇಲುಮಣ್ಣಿಗೆ ಎರಡು ಮೂರು ಮಂಕರಿ ಹಳೆಯ ಕೊಟ್ಟಿಗೆಗೊಬ್ಬರ ಬೆರೆಸಿ ತುಂಬಿ ನೆಡಲಿ. ಸಸಿ ಎತ್ತರವಿದ್ದಷ್ಟೂ ಮೇಲೆಂಬುದು ತಪ್ಪು ತಿಳಿವಳಿಕೆ. ಕುಂಡದಲ್ಲಿ ಬೇರು ಸುತ್ತಿಕೊಂಡ ಆರಡಿಯ ಗಿಡಕ್ಕಿಂತ ಬೇರು ನೇರವಾಗಿರುವ ಎರಡಡಿಯ ಸಸಿ ಮುಂದಾಗುವುದು. ಸುತ್ತಲೂ ಜಾಲಿಯ ಮುಳ್ಳನ್ನು ಆಡಿನ ಬಾಯಿಗೆ ನಿಲುಕದಷ್ಟು ಎತ್ತರವಾಗಿ ಕಟ್ಟಿ, ಮೊದಲ ಎರಡು ಬೇಸಗೆ ವಾರಕ್ಕೆರಡು ಸಲ ಬುಡ ನೆನೆಯುವಂತೆ ನೀರು ಹೊಯ್ಯತಕ್ಕದ್ದು.