ಅಮ್ಮ ನಕ್ಕಿದ್ದು ತಪ್ಪೇ?

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ಸಂಘದ ಸಭೆ ಅಂದರೆ ಉಳಿತಾಯ, ಸಾಲದ ಕಂತು, ಯಾರು ಕಟ್ಟಿದರು ಯಾರು ಕಟ್ಟಿಲ್ಲ ಅನ್ನುವ ಲೆಕ್ಕ. ಇದರ ನಡುವೆ ಕಾದಂಬರಿಯ ಮಾತು ಯಾಕೆ ಅಂತ ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ನನಗೂ ಅನ್ನಿಸಿತ್ತು. ಆದರೆ ಕಳೆದ ವರ್ಷ ಓದಿದ ಒಂದು ಪುಸ್ತಕ ನನ್ನನ್ನು ಸುಮ್ಮನೆ ಬಿಟ್ಟಿಲ್ಲ. ಓದಿ ಮುಗಿಸಿದ ಮೇಲೆ ನಾನು ಊರಿಗೆ ಹೋಗಿ ನಮ್ಮ ಚಿಕ್ಕಮ್ಮನ ಮುಂದೆ ಕೂತು, ನಲವತ್ತು ವರ್ಷದಿಂದ ಕೇಳದೇ ಇದ್ದ ಒಂದು ಮಾತನ್ನು ಕೇಳಬೇಕಾಯಿತು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಪುಸ್ತಕ.

ಇದು ಇಟಲಿ ದೇಶದ ಕಾದಂಬರಿ. ಬರೆದವರು ಎಲೆನಾ ಫೆರಾಂಟೆ. ಅದು ಅವರ ನಿಜವಾದ ಹೆಸರಲ್ಲ. ಅವರು ಸಭೆಗೆ ಬರುವುದಿಲ್ಲ, ಫೋಟೋ ಕೊಡುವುದಿಲ್ಲ. ‘ಲಮೋರೆ ಮೊಲೆಸ್ತೊ’ ಎಂಬ ಈ ಪುಸ್ತಕ 1992ರಲ್ಲಿ ಬಂತು. 1995ರಲ್ಲಿ ಸಿನಿಮಾ ಆಯಿತು, 2006ರಲ್ಲಿ ಇಂಗ್ಲಿಷಿಗೆ ಬಂತು. ಹೆಸರಿನ ಅರ್ಥ, ಪೀಡಿಸುವ ಪ್ರೀತಿ. ನಾನು ಓದಿದ್ದು ಇಂಗ್ಲಿಷಿನಲ್ಲಿ, ತಡವರಿಸಿಕೊಂಡು, ಎರಡು ತಿಂಗಳು ಹಿಡಿಯಿತು.

ಕಥೆ ಹೀಗಿದೆ. ನೇಪಲ್ಸ್ ಅಂತ ಒಂದು ಊರು, ಸಮುದ್ರದ ದಡದಲ್ಲಿದೆ. ಅಲ್ಲಿ ಅಮಾಲಿಯಾ ಎಂಬ ವಯಸ್ಸಾದ ಹೆಂಗಸು. ಹೊಲಿಗೆ ಹೊಲಿದು ಮೂರು ಹೆಣ್ಣುಮಕ್ಕಳನ್ನು ಸಾಕಿದವಳು. ದೊಡ್ಡ ಮಗಳು ಡೆಲಿಯಾ ರೋಮ್ ನಗರದಲ್ಲಿದ್ದಾಳೆ, ಚಿತ್ರ ಬರೆದು ದುಡಿಯುತ್ತಾಳೆ. ತಾಯಿ ಆಗಾಗ ರೈಲು ಹತ್ತಿ ಮಗಳನ್ನು ನೋಡಲು ಬರುತ್ತಿದ್ದಳು. ಒಂದು ಸಲ ಹೊರಟವಳು ಬಂದು ಮುಟ್ಟಲೇ ಇಲ್ಲ. ಸಮುದ್ರದಲ್ಲಿ ಹೆಣವಾಗಿ ಸಿಕ್ಕಿದಳು. ಅದೂ ಮಗಳ ಹುಟ್ಟುಹಬ್ಬದ ರಾತ್ರಿ. ಮೈಮೇಲೆ ಇದ್ದದ್ದು ಒಂದೇ ಒಂದು ಬಟ್ಟೆ, ದೊಡ್ಡ ಅಂಗಡಿಯ ಬೆಲೆಬಾಳುವ ಹೊಸ ಬ್ರಾ. ಜೀವಮಾನವೆಲ್ಲ ಹರಿದ ಒಳಉಡುಪಿಗೆ ತೇಪೆ ಹಾಕಿಕೊಂಡು ಉಟ್ಟವಳು ಅವಳು.

ಇಷ್ಟು ಕೇಳಿದ ಕೂಡಲೇ ನಮ್ಮ ಮನಸ್ಸಿನಲ್ಲಿ ಏನು ಬರುತ್ತದೆ ಹೇಳಿ? ‘ಯಾರ ಜೊತೆ ಹೋಗಿದ್ದಳೋ?’ ಅಂತ ತಾನೇ? ಸುಳ್ಳು ಹೇಳಬೇಡಿ, ನನಗೂ ಅದೇ ಬಂತು. ಹೆಂಗಸು ಸತ್ತರೆ ಮೊದಲು ಹುಟ್ಟುವ ಪ್ರಶ್ನೆ ಅದೇ. ಅವಳನ್ನು ಯಾರು ಸಾಯಿಸಿದರು ಎನ್ನುವುದು ಆಮೇಲಿನ ಮಾತು. ಮಗಳು ಡೆಲಿಯಾಳಿಗೂ ಅದೇ ಬರುತ್ತದೆ. ಮಣ್ಣು ಮಾಡಿದ ಮೇಲೆ ಅವಳು ತಾಯಿಯ ಮನೆಗೆ ಹೋಗುತ್ತಾಳೆ, ಅವಳ ಬಟ್ಟೆ ಮುಟ್ಟುತ್ತಾಳೆ, ಆ ಬ್ರಾ ಮಾರಿದ ಅಂಗಡಿಗೆ ಹೋಗುತ್ತಾಳೆ, ನೆರೆಯವರನ್ನು ಕೇಳುತ್ತಾಳೆ. ಕಸೆರ್ತಾ ಎಂಬ ಮುದುಕನೊಬ್ಬ ಕೊನೆಯ ದಿನಗಳಲ್ಲಿ ತಾಯಿಯ ಜೊತೆ ಇದ್ದ ಅಂತ ಗೊತ್ತಾಗುತ್ತದೆ. ಹಳೆಯ ಹೆಸರು ಅದು. ಡೆಲಿಯಾ ಚಿಕ್ಕವಳಿದ್ದಾಗ ಮನೆಯಲ್ಲಿ ಆ ಹೆಸರು ಎತ್ತಿದರೆ ಸಾಕು, ತಾಯಿಗೆ ಏಟು ಬೀಳುತ್ತಿತ್ತು.

ತಂದೆ ಚಿತ್ರಗಾರ, ಅಂಥ ಹೇಳಿಕೊಳ್ಳುವಂಥವನೇನಲ್ಲ. ಅರೆಬೆತ್ತಲೆ ಕುಣಿಯುವ ಹೆಂಗಸಿನ ಒಂದೇ ಚಿತ್ರವನ್ನು ಮತ್ತೆ ಮತ್ತೆ ಬರೆದು ಮಾರುವವನು. ಆ ಚಿತ್ರಗಳಿಗೆ ಗಿರಾಕಿ ಹುಡುಕಿ ಕೊಡುತ್ತಿದ್ದವನೇ ಈ ಕಸೆರ್ತಾ. ಆ ಮನೆಯ ನ್ಯಾಯ ನೋಡಿ. ಬೆತ್ತಲೆ ಹೆಂಗಸಿನ ಚಿತ್ರ ಮಾರಿದ ದುಡ್ಡಲ್ಲಿ ಅನ್ನ, ಆದರೆ ಹೆಂಡತಿ ಕಿಟಕಿಯ ಹತ್ತಿರ ನಿಂತರೆ ತಪ್ಪು. ಟ್ರಾಮಿನಲ್ಲಿ, ಅಂದರೆ ಹಳಿಯ ಮೇಲೆ ಓಡುವ ಊರೊಳಗಿನ ಬಂಡಿಯಲ್ಲಿ, ಬೇರೆ ಗಂಡಸು ತಗುಲಬಾರದು ಅಂತ ಅವಳ ಸುತ್ತ ಗೋಡೆಯ ಹಾಗೆ ನಿಲ್ಲುತ್ತಿದ್ದ. ಮನೆಗೆ ಬಂದು, ಆ ಗಂಡಸು ನೋಡಿದ ಅಂತ ಇವಳನ್ನು ಹೊಡೆಯುತ್ತಿದ್ದ. ಎಲ್ಲಕ್ಕಿಂತ ಹೆಚ್ಚು ಏಟು ಬೀಳುತ್ತಿದ್ದದ್ದು ಅವಳು ನಕ್ಕಾಗ. ಅಮಾಲಿಯಾಳಿಗೆ ನಗು ಬೇಗ ಬರುತ್ತಿತ್ತು. ಅಷ್ಟೇ ಅವಳ ಅಪರಾಧ. ಅವಳ ಸ್ವಂತ ಅಣ್ಣತಮ್ಮಂದಿರಲ್ಲೊಬ್ಬ, ಫಿಲಿಪ್ಪೊ, ಅವನೂ ಭಾವನ ಪರವೇ. ತವರು ಕೈಬಿಟ್ಟ ಮೇಲೆ ಹೆಣ್ಣಿಗೆ ಹೋಗಲು ಜಾಗ ಎಲ್ಲಿ? ಇದನ್ನು ಓದುವಾಗ ಪುಸ್ತಕ ಇಟಲಿಯದ್ದೋ ನಮ್ಮ ತಾಲ್ಲೂಕಿನದ್ದೋ ಅಂತ ನನಗೆ ಮರೆತುಹೋಯಿತು.

ಆ ದೇಶದ ಕಾನೂನು ಹೇಗಿತ್ತು ಅಂತ ಹುಡುಕಿ ಓದಿದೆ. ಹೆಂಡತಿಯನ್ನು ತಿದ್ದಲು ಹೊಡೆಯುವ ಹಕ್ಕು ಗಂಡನಿಗಿಲ್ಲ ಅಂತ ಅಲ್ಲಿನ ದೊಡ್ಡ ನ್ಯಾಯಾಲಯ ಹೇಳಿದ್ದು 1956ರಲ್ಲಿ. ವಿಚ್ಛೇದನದ ಕಾನೂನು ಬಂದದ್ದು 1970ರಲ್ಲಿ. ಅಲ್ಲೂ ವರದಕ್ಷಿಣೆ ಇತ್ತು, ‘ದೋತೆ’ ಅಂತ ಅದಕ್ಕೆ ಹೆಸರು. ಅದನ್ನು ರದ್ದು ಮಾಡಿದ್ದು 1975ರ ಕುಟುಂಬ ಕಾನೂನು. ನಮ್ಮ ವರದಕ್ಷಿಣೆ ನಿಷೇಧ ಕಾಯಿದೆ 1961ರದ್ದು, ಅವರಿಗಿಂತ ಮೊದಲೇ ಬಂದದ್ದು. ಬಂದು ಏನಾಯಿತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಇನ್ನೊಂದು ಕೇಳಿ. ಹೆಂಡತಿ ಬೇರೆಯವನ ಜೊತೆ ಇದ್ದಳೆಂದು ಸಿಟ್ಟಿನಲ್ಲಿ ಕೊಂದ ಗಂಡನಿಗೆ ಮಾನದ ಹೆಸರಿನಲ್ಲಿ ಶಿಕ್ಷೆ ಕಡಿಮೆ ಮಾಡುವ ಕಲಮು 1981ರವರೆಗೂ ಅಲ್ಲಿನ ಕಾನೂನು ಪುಸ್ತಕದಲ್ಲೇ ಇತ್ತು. ಅಂದರೆ ಅಮಾಲಿಯಾ ಏಟು ತಿನ್ನುತ್ತಿದ್ದ ಕಾಲದಲ್ಲಿ ಗಂಡನ ಅನುಮಾನಕ್ಕೆ ಸರ್ಕಾರದ್ದೇ ಬೆಂಬಲ.

ಇನ್ನು ಕಥೆಯ ತಿರುಳು. ಕಸೆರ್ತಾನಿಗೂ ತಾಯಿಗೂ ಸಂಬಂಧ ಇತ್ತು ಅಂತ ತಂದೆಗೆ ಖಾತ್ರಿ ಮಾಡಿಕೊಟ್ಟವರು ಯಾರು ಗೊತ್ತೇ? ಸುಮಾರು ಐದು ವರ್ಷದ ಮಗಳು ಡೆಲಿಯಾ. ‘ಅವನು ಅಮ್ಮನಿಗೆ ಹೀಗೆ ಮಾಡಿದ, ಹೀಗೆ ಅಂದ’ ಅಂತ ತಂದೆಗೆ ಹೇಳಿದವಳು ಅವಳೇ. ತಂದೆಯೂ ಮಾವನೂ ಸೇರಿ ಕಸೆರ್ತಾನನ್ನು ಬಡಿದರು. ತಾಯಿಗೆ ಬಿದ್ದ ಏಟಿಗೆ ಲೆಕ್ಕವಿಲ್ಲ. ಆದರೆ ಆ ಮಾತು ಸುಳ್ಳು. ಆ ಮಾತು, ಆ ಕೆಲಸ ಎರಡೂ ನಡೆದದ್ದು ತಾಯಿಯ ಮೇಲಲ್ಲ, ಆ ಮಗುವಿನ ಮೇಲೇ. ಮಾಡಿದವನು ಕಸೆರ್ತಾನ ಮುದಿ ತಂದೆ, ಅಂಗಡಿಯ ನೆಲಮಾಳಿಗೆಯಲ್ಲಿ. ತನಗಾದದ್ದನ್ನು ಹೇಳಲು ಮಗುವಿಗೆ ಭಾಷೆಯಿಲ್ಲ. ಆ ಮನೆಯಲ್ಲಿ ಅವಳು ದಿನಾ ಕೇಳಿದ್ದು ಒಂದೇ ಭಾಷೆ, ತಾಯಿ ಕೆಟ್ಟವಳು ಎಂಬ ಭಾಷೆ. ಆ ಭಾಷೆಯಲ್ಲೇ ತನ್ನ ನೋವನ್ನು ಹೇಳಿಬಿಟ್ಟಳು.

ಸತ್ತ ತಾಯಿಯ ಗುಟ್ಟು ಹುಡುಕಲು ಹೋದ ಮಗಳಿಗೆ ಸಿಕ್ಕಿದ್ದು ತನ್ನ ಗುಟ್ಟು. ತಾಯಿ ನಿಜಕ್ಕೂ ಏನು ಮಾಡಿದಳು, ಆ ರಾತ್ರಿ ಹೇಗೆ ಸತ್ತಳು, ಅದನ್ನು ಲೇಖಕಿ ಪೂರ್ತಿ ಬಿಡಿಸಿ ಹೇಳುವುದಿಲ್ಲ. ಮೊದಲು ನನಗೆ ಸಿಟ್ಟು ಬಂತು, ಇಷ್ಟು ಓದಿಸಿ ಕೊನೆಗೆ ಹೇಳದಿದ್ದರೆ ಹೇಗೆ ಅಂತ. ಆಮೇಲೆ ಅನ್ನಿಸಿತು, ಅಮಾಲಿಯಾ ಯಾರ ಜೊತೆ ನಕ್ಕಳು ಅನ್ನುವ ಲೆಕ್ಕ ನಮಗೆ ಯಾಕೆ ಬೇಕು? ಅದನ್ನು ಕೇಳುತ್ತಿದ್ದವನು ಅವಳ ಗಂಡ. ನಾವೂ ಅದನ್ನೇ ಕೇಳಿದರೆ ನಾವೂ ಅವನ ಕಣ್ಣಿನಿಂದಲೇ ಅವಳನ್ನು ನೋಡಿದ ಹಾಗಾಯಿತು.

ಈಗ ನನ್ನ ಮಾತು. ಹೇಳಲು ನಾಲಿಗೆ ಏಳುವುದಿಲ್ಲ, ಆದರೂ ಹೇಳುತ್ತೇನೆ.

ನನಗೆ ಆಗ ಏಳು ವರ್ಷ. ನಮ್ಮಪ್ಪ ಸಾಯಂಕಾಲ ಮನೆಗೆ ಬಂದರೆ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, ‘ಇವತ್ತು ಮನೆಗೆ ಯಾರು ಬಂದಿದ್ದರು ಮಗಳೇ?’ ಅನ್ನುತ್ತಿದ್ದರು. ಜೇಬಿನಲ್ಲಿ ಕಡಲೆ ಮಿಠಾಯಿ ಇರುತ್ತಿತ್ತು. ನಾನು ಎಲ್ಲ ಹೇಳುತ್ತಿದ್ದೆ. ಅದು ಪ್ರೀತಿ ಅಂದುಕೊಂಡಿದ್ದೆ. ಒಂದು ದಿನ ಬಳೆಗಾರ ಬಂದಿದ್ದ. ಅಮ್ಮ ಜಗಲಿಯಲ್ಲಿ ಕೂತು ಕೈ ಒಡ್ಡಿದ್ದಳು. ಅವನು ಏನೋ ತಮಾಷೆ ಹೇಳಿದ, ಅಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. ನಾನು ಅದನ್ನೂ ಹೇಳಿದೆ. ಸುಮ್ಮನೆ ಹೇಳಿದ್ದರೆ ಬೇರೆ ಮಾತು. ‘ತುಂಬಾ ಹೊತ್ತು ಕೈ ಹಿಡಿದುಕೊಂಡೇ ಇದ್ದ’ ಅಂತ ಸೇರಿಸಿದೆ. ಯಾಕೆ ಸೇರಿಸಿದೆನೋ! ಅಪ್ಪನಿಗೆ ಅಂಥ ಮಾತು ಬೇಕು ಅಂತ ಆ ವಯಸ್ಸಿಗೇ ತಿಳಿದಿತ್ತು ಅಂತ ಕಾಣುತ್ತದೆ. ಆ ರಾತ್ರಿ ಹೊಸ ಬಳೆಗಳೆಲ್ಲ ಅಮ್ಮನ ಕೈಯಲ್ಲೇ ಒಡೆದವು. ಬೆಳಿಗ್ಗೆ ಅವಳು ಮೊಣಕೈವರೆಗೆ ಬಟ್ಟೆ ಸುತ್ತಿಕೊಂಡು ಮುದ್ದೆ ತಿರುವುತ್ತಿದ್ದಳು.

ಅಮ್ಮ ತೀರಿಕೊಂಡು ಹನ್ನೊಂದು ವರ್ಷವಾಯಿತು. ನಾನು ಮಹಿಳಾ ದೌರ್ಜನ್ಯದ ವಿರುದ್ಧ ಎಷ್ಟೋ ಸಭೆಗಳಲ್ಲಿ ಕೂತಿದ್ದೇನೆ, ಘೋಷಣೆ ಕೂಗಿದ್ದೇನೆ. 2005ರ ಕೌಟುಂಬಿಕ ಹಿಂಸೆ ಕಾಯಿದೆಯ ಬಗ್ಗೆ ನಿಮ್ಮಂಥ ಸಂಘಗಳಿಗೆ ತರಬೇತಿ ಕೊಟ್ಟಿದ್ದೇನೆ. ಹಿಂಸೆಯ ವರದಿ ಬರೆದುಕೊಳ್ಳುವ ನಮೂನೆಯಲ್ಲಿ, ನಡತೆಯ ಮೇಲೆ ಆರೋಪ ಹೊರಿಸುವುದೂ ಮಾತಿನ ಮತ್ತು ಮನಸ್ಸಿನ ಹಿಂಸೆ ಅಂತ ಸ್ಪಷ್ಟವಾಗಿ ಇದೆ. ಅದನ್ನು ಬೆರಳಿಟ್ಟು ತೋರಿಸುತ್ತಾ ಬಂದವಳು ನಾನು. ಆದರೆ ಆ ಬಳೆಗಾರನ ವಿಷಯ ಒಬ್ಬರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಅದಕ್ಕಿಂತ ಹೆಚ್ಚು, ಅಮ್ಮನಲ್ಲಿ ಏನೋ ಒಂದು ಚೂರು ತಪ್ಪು ಇದ್ದೀತು ಅನ್ನುವ ಅನುಮಾನ ನನ್ನೊಳಗೆ ದೊಡ್ಡವಳಾದ ಮೇಲೂ ಇತ್ತು. ಅಪ್ಪ ನೆಟ್ಟದ್ದು. ನೀರು ಹಾಕಿದವಳು ನಾನು.

ಪುಸ್ತಕ ಮುಗಿಸಿದ ಮೇಲೆ ಊರಿಗೆ ಹೋದೆ. ಅಮ್ಮನ ತಂಗಿ, ನಮ್ಮ ಚಿಕ್ಕಮ್ಮ, ಅಕ್ಕಿ ಆರಿಸುತ್ತಾ ಕೂತಿದ್ದರು. ಡೆಲಿಯಾಳ ಕಥೆಯನ್ನು ಕನ್ನಡದಲ್ಲಿ ಬಾಯಲ್ಲೇ ಹೇಳಿದೆ. ಚಿಕ್ಕಮ್ಮ ಓದಿದವರಲ್ಲ, ಆದರೆ ಒಂದೊಂದು ಕಡೆ ನಿಲ್ಲಿಸಿ ಕೇಳುತ್ತಿದ್ದರು. ‘ಅವಳು ಗಂಡನ್ನ ಬಿಟ್ಟಳೋ ಇಲ್ವೋ?’ ಬಿಟ್ಟಳು ಚಿಕ್ಕಮ್ಮ, ಮಕ್ಕಳು ದೊಡ್ಡವರಾದ ಮೇಲೆ. ‘ಹ್ಞೂಂ, ಪುಣ್ಯವಂತೆ’ ಅಂದರು. ಆಮೇಲೆ ನಾನು ಬಳೆಗಾರನ ವಿಷಯ ಹೇಳಿದೆ. ಅಪ್ಪನಿಗೆ ಹೇಳಿಕೊಟ್ಟವಳು ನಾನೇ ಅಂದೆ.

ಚಿಕ್ಕಮ್ಮ ಮೊರದಿಂದ ತಲೆ ಎತ್ತಲಿಲ್ಲ. ‘ಅಕ್ಕಂಗೆ ಗೊತ್ತಿತ್ತು ಕಣೆ’ ಅಂದರು. ‘ಆವತ್ತೇ ಗೊತ್ತಿತ್ತು. ನಾನೇ ನಿಂಗೆ ಎರಡು ಬಾರಿಸ್ತೀನಿ ಅಂತ ಎದ್ದಿದ್ದೆ. ಅವಳೇ ಕೈ ಹಿಡಕಂಡಳು. ಮಗು ಮುಂದೆ ಆ ಮಾತು ಎತ್ತಬೇಡ, ಅದಕ್ಕೇನು ತಿಳಿಯುತ್ತೆ, ಅಂದಳು.’

ನನಗೆ ಮಾತು ಹೊರಡಲಿಲ್ಲ. ಮೂವತ್ತು ವರ್ಷ ನನಗೆ ಊಟ ಬಡಿಸಿದ ಕೈ ಅದು. ಗೊತ್ತಿದ್ದೂ ಬಡಿಸಿದ್ದು. ನನ್ನ ಬಾಣಂತನ ಮಾಡಿದ್ದೂ ಗೊತ್ತಿದ್ದೇ. ಬಳೆಗಾರ ಏನು ತಮಾಷೆ ಹೇಳಿದ್ದ ಅಂತ ಕೇಳಿದೆ. ‘ಯಾರಿಗೆ ನೆನಪಿರುತ್ತೆ? ನಿಮ್ಮಮ್ಮ ಎಲ್ಲದಕ್ಕೂ ನಗ್ತಿದ್ದಳು, ಮದುವೆಗೆ ಮುಂಚೆ ಹೊಲದಲ್ಲಿ ಕಳೆ ಕೀಳುವಾಗ ಅವಳ ನಗು ಪಕ್ಕದ ತೋಟಕ್ಕೆ ಕೇಳಿಸೋದು’ ಅಂದರು. ಅಮ್ಮ ಹಾಗೆ ನಗುತ್ತಿದ್ದಳು ಅಂತ ನನಗೆ ಗೊತ್ತೇ ಇರಲಿಲ್ಲ. ನಾನು ನೋಡಿದ ಅಮ್ಮ ಸೆರಗು ಬಾಯಿಗೆ ಹಿಡಿದೇ ನಗುತ್ತಿದ್ದವಳು.

ಸ್ವಲ್ಪ ಹೊತ್ತಾದ ಮೇಲೆ ಚಿಕ್ಕಮ್ಮನೇ ಕೇಳಿದರು, ‘ಆ ಹುಡುಗಿ ಕೊನೆಗೆ ಅಪ್ಪನ ಹತ್ರ ಹೋದಳಾ?’

ಹೋದಳು ಅಂದೆ. ಅವನು ಮುದುಕನಾಗಿದ್ದ. ಇನ್ನೂ ಅದೇ ಚಿತ್ರ ಬರೀತಿದ್ದ.

‘ಏನಂದ?’

ಹೊಡೆದ ಚಿಕ್ಕಮ್ಮ, ಅವಳನ್ನೂ ಹೊಡೆದ ಅಂದೆ.

ಚಿಕ್ಕಮ್ಮ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದರು. ‘ಮುಂದಿನ ಸಲ ಬರುವಾಗ ಆ ಪುಸ್ತಕ ತಗಂಡು ಬಾ, ಪೂರ್ತಿ ಹೇಳು’ ಅಂದರು. ಬರುವ ಭಾನುವಾರ ಹೋಗುತ್ತಿದ್ದೇನೆ.