ಮೀನಿನ ವಿದ್ಯೆಯೂ ಒಕ್ಕಲುತನದ ವಿದ್ಯೆಯೇ
(ಗುತ್ತಲದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಪದವಿ ಮುಗಿಸಿದ ಮಗನೋ ಮಗಳೋ "ಮೀನಿನ ಬಗ್ಗೆ ಮುಂದೆ ಓದುತ್ತೇನೆ" ಎಂದರೆ ಮನೆಯಲ್ಲಿ ಮೊದಲು ನಗು, ಆಮೇಲೆ ಸಿಟ್ಟು. "ಮೀನು ಹಿಡಿಯಲು ಕಾಲೇಜು ಬೇಕೇ?" ಎಂದು ಕೇಳುತ್ತೇವೆ. ಆ ಪ್ರಶ್ನೆಗೆ ಉತ್ತರ ಹೇಳಲು ಇಂದು ನಿಮ್ಮ ಮುಂದೆ ನಿಂತಿದ್ದೇನೆ.

ನಮ್ಮದು ನೀರಿನ ನಂಟಿರುವ ಸೀಮೆ. ಗಳಗನಾಥದಲ್ಲಿ ವರದೆ ತುಂಗಭದ್ರೆಯನ್ನು ಕೂಡುತ್ತಾಳೆ. ಹೊಳೆದಂಡೆಯ ಚೌಡದಾನಪುರ ಅಂಬಿಗರ ಚೌಡಯ್ಯನವರ ಹೆಸರಿನೊಡನೆ ಬೆಸೆದಿರುವ ಊರು. ಆದರೂ ನೀರೊಳಗಿನ ಬದುಕು ನಮಗೆ ತಿಳಿದದ್ದು ಸ್ವಲ್ಪವೇ.

ಒಂದು ಉದಾಹರಣೆ ನೋಡಿರಿ. ಮೋಡ ಕವಿದ ನಾಲ್ಕು ದಿನಗಳಾದ ಮೇಲೆ ಒಂದು ಮುಂಜಾನೆ ಕೆರೆಯ ಮೀನೆಲ್ಲ ಸತ್ತು ತೇಲುತ್ತದೆ. "ಯಾರೋ ವಿಷ ಹಾಕಿದರು" ಎಂದು ಊರಲ್ಲಿ ಜಗಳವೇಳುತ್ತದೆ. ನೆರೆಯವನ ಮೇಲೆ ಸಂಶಯ ಹುಟ್ಟುತ್ತದೆ. ಎಷ್ಟೋ ಸಲ ಅಲ್ಲಿ ವಿಷವೇ ಇರುವುದಿಲ್ಲ. ನೀರಿನ ಪಾಚಿ ಹಗಲು ಬಿಸಿಲಿನಲ್ಲಿ ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೂ ಅದನ್ನು ಬಳಸುತ್ತದೆ. ಬಿಸಿಲಿಲ್ಲದಾಗ, ಗೊಬ್ಬರ ಹೆಚ್ಚಾದಾಗ, ಬೆಳಗಿನ ಹೊತ್ತಿಗೆ ಮೀನಿಗೆ ಉಸಿರಾಡಲು ಸಾಲದು. ಇದನ್ನು ಅಳೆದು ಹೇಳುವುದೇ ಮೀನಿನ ಪರಿಸರ ಶಾಸ್ತ್ರದ ಕೆಲಸ. ಅದನ್ನು ಕಲಿತ ಹುಡುಗಿ ಸೂರ್ಯ ಹುಟ್ಟುವ ಮೊದಲೇ ಕೆರೆಯಲ್ಲಿ ನಿಂತು ನೀರು ತುಂಬಿಕೊಳ್ಳುತ್ತಾಳೆ. ಅವಳ ಒಂದು ಸೀಸೆ ನೀರು ಊರಿನ ಒಂದು ವ್ಯಾಜ್ಯವನ್ನು ತಪ್ಪಿಸೀತು.

ಕಟ್ಲಾ, ರೋಹು ಕೆರೆಯ ನಿಂತ ನೀರಿನಲ್ಲಿ ತಾವಾಗಿ ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಡಾ. ಹೀರಾಲಾಲ್ ಚೌಧುರಿಯವರು ಮೀನಿನ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಗೆಂಡೆಮೀನು ಮೊಟ್ಟೆಯಿಡುವಂತೆ ಮಾಡಿದರು. ಇಂದು ನಿಮ್ಮ ಕೃಷಿಹೊಂಡಕ್ಕೆ ಬರುವ ಮೀನುಮರಿಯ ಹಿಂದೆ ಆ ಸಂಶೋಧನೆಯಿದೆ.

ಇನ್ನು ದಾರಿ. ಪಿ.ಯು.ಸಿ. ವಿಜ್ಞಾನ ಓದಿದವರಿಗೆ 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಕಾಲೇಜಿದೆ. ಪದವಿ ಪ್ರವೇಶದಲ್ಲಿ ರೈತರ ಮಕ್ಕಳಿಗೆ ಮೀಸಲು ಸ್ಥಾನಗಳಿವೆ. ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವರಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಹತ್ತಿರ. ಸ್ನಾತಕೋತ್ತರ ಪದವಿಗೆ 2 ವರ್ಷ, ಪಿಎಚ್.ಡಿ.ಗೆ ಕಡಿಮೆಯೆಂದರೂ 3 ವರ್ಷ. ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ಪಡೆದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ವೇತನ ನಿಗದಿಯಾಗಿದೆ.

ಸೇರುವ ಮುನ್ನ ಮಕ್ಕಳು ಮಾರ್ಗದರ್ಶಕರನ್ನು ಸಂಕೋಚವಿಲ್ಲದೆ ಕೇಳಲಿ: ಯಾವ ನೀರಿನ ಮೇಲೆ ಕೆಲಸ? ಖರ್ಚು ಯಾರದು? ಹಿಂದಿನ ವಿದ್ಯಾರ್ಥಿಗಳು ಎಷ್ಟು ವರ್ಷಕ್ಕೆ ಮುಗಿಸಿದರು, ಈಗ ಎಲ್ಲಿದ್ದಾರೆ? ಅಲ್ಲಿ ಓದುತ್ತಿರುವವರನ್ನೂ ಬೇರೆಯಾಗಿ ವಿಚಾರಿಸಲಿ. ಎತ್ತು ಕೊಳ್ಳುವಾಗ ಹಲ್ಲು ನೋಡುವ ನಾವು, ಮಕ್ಕಳ ಐದು ವರ್ಷ ಕೊಡುವಾಗ ವಿಚಾರಿಸದೆ ಇರಬಾರದು.

ನೌಕರಿ ಖಚಿತವೆಂದು ನಾನು ಹೇಳಲಾರೆ. ಆದರೆ ಮಳೆ, ಮಣ್ಣು ತಿಳಿದ ಮನೆಯ ಮಗುವಿಗೆ ನೀರಿನ ವಿದ್ಯೆ ಬೇಗ ಕೈಹತ್ತುತ್ತದೆ. ನಗಬೇಡಿರಿ, ವಿಚಾರಿಸಿರಿ, ಮನಸ್ಸಿದ್ದರೆ ಕಳುಹಿಸಿರಿ.